ಪಿಡಿಎಫ್ ತೆರೆಯಲು ಬೇರೆ ಆ್ಯಪ್ ಬೇಕೇ? ಬ್ರೌಸರ್ ಸಾಕು



ಹಿಂದೆ ಸಂಘದ ಕಾಗದಪತ್ರ ಅಂದರೆ ಟ್ರಂಕಿನಲ್ಲಿ ಇಡುವ ವಸ್ತು. ನಡಾವಳಿ ಪುಸ್ತಕ, ಉಳಿತಾಯದ ಪಾಸ್‌ಬುಕ್, ಬ್ಯಾಂಕಿನವರು ಕೊಟ್ಟ ಸಾಲದ ಪತ್ರ ಎಲ್ಲಾ ಒಂದೇ ಕಡೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಇಡೀ ಸಂಘಕ್ಕೆ ಗೊತ್ತಿರುತ್ತಿತ್ತು. ಈಗ ಅರ್ಧಕ್ಕರ್ಧ ಕಾಗದ ಟ್ರಂಕಿನವರೆಗೆ ಬರುವುದೇ ಇಲ್ಲ. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಮಕ್ಕಳ ಹಾಲ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕರಾರು ಇವೆಲ್ಲ ಪಿಡಿಎಫ್ ಆಗಿ ಫೋನಿಗೋ ಕಂಪ್ಯೂಟರಿಗೋ ಬರುತ್ತವೆ. ಆದರೆ ಈ ಹೊಸ ಟ್ರಂಕಿನ ಬೀಗದ ಕೈ ತಮ್ಮ ಹತ್ತಿರ ಇಲ್ಲ ಅನ್ನುವ ಭಾವನೆ ಬಹಳ ಜನ ಸದಸ್ಯೆಯರಲ್ಲಿದೆ.

ಸಂಘಗಳ ಭೇಟಿಗೆ ಹೋದಾಗ ನಾವು ಪದೇ ಪದೇ ಕೇಳುವ ಮಾತು ಇದು: "ಸಿಸ್ಟರ್, ಇದು ಪಿಡಿಎಫ್ ಅಂತೆ, ನನ್ನ ಫೋನಲ್ಲಿ ತೆರೆಯಲ್ಲ. ಅದಕ್ಕೆ ಬೇರೆ ಆ್ಯಪ್ ಹಾಕಿಸ್ಕೋಬೇಕಂತೆ." ಆ್ಯಪ್ ಹಾಕಿಸಲು ಅಂಗಡಿಗೆ ಹೋಗಬೇಕು, ಅಲ್ಲಿ ಹಣ ಕೊಡಬೇಕು, ಇಲ್ಲಾಂದ್ರೆ ಪಕ್ಕದ ಮನೆಯ ಹುಡುಗನನ್ನು ಕಾಯಬೇಕು. ಹಣ ಹೋಗುವುದು ಸಣ್ಣ ನಷ್ಟ. ತನ್ನ ಸಾಲದ ಪತ್ರದಲ್ಲಿ ಏನಿದೆ ಅಂತ ಬೇರೆಯವರು ಹೇಳಿದ್ದನ್ನೇ ನಂಬಿ ಸಹಿ ಹಾಕುವುದು ದೊಡ್ಡ ನಷ್ಟ. ಪಿಡಿಎಫ್ ಓದುವ ಸಾಧನ ನಿಮ್ಮ ಕಂಪ್ಯೂಟರಿನಲ್ಲಿ, ಬಹುತೇಕ ನಿಮ್ಮ ಫೋನಿನಲ್ಲಿಯೂ, ಈಗಾಗಲೇ ಇದೆ. ಅದನ್ನು ಬಳಸುವುದು ಹೇಗೆ ಅಂತ ಈ ಪಾಠದಲ್ಲಿ ಕಲಿಯೋಣ.

ಪಿಡಿಎಫ್ ಅಂದರೆ ಏನು?

ನಾವು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡಿ ಇನ್ನೊಂದು ಕಂಪ್ಯೂಟರಿಗೆ ಕಳಿಸಿದರೆ, ಅಲ್ಲಿ ಆ ಅಕ್ಷರ ಇಲ್ಲದಿದ್ದರೆ ಚೌಕ ಚೌಕ ಕಾಣುತ್ತದೆ, ಸಾಲು ಎಲ್ಲೆಲ್ಲೋ ಮುರಿಯುತ್ತದೆ. ಪಿಡಿಎಫ್ ಹಾಗಲ್ಲ. ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗುವ ಹಾಗೆ, ಅದು ತನಗೆ ಬೇಕಾದ ಅಕ್ಷರ, ಚಿತ್ರ, ಮುದ್ರೆ ಎಲ್ಲವನ್ನೂ ಜೊತೆಯಲ್ಲೇ ಕಟ್ಟಿಕೊಂಡು ಬರುತ್ತದೆ. ಆದ್ದರಿಂದ ತಹಶೀಲ್ದಾರರ ಕಚೇರಿಯಲ್ಲಿ ಹೇಗೆ ಕಂಡಿತೋ ನಿಮ್ಮಲ್ಲೂ ಹಾಗೆಯೇ ಕಾಣುತ್ತದೆ. ಸರ್ಕಾರಿ ಕಚೇರಿ, ಬ್ಯಾಂಕುಗಳು ಇದನ್ನೇ ಬಳಸುವುದಕ್ಕೆ ಇದೇ ಕಾರಣ.

ಇದನ್ನು 1993ರಲ್ಲಿ ಹೊರತಂದವರು ಅಮೆರಿಕದ ಅಡೋಬಿ ಕಂಪನಿಯವರು. ಓದಲು ಅವರದೇ 'ರೀಡರ್' ಅನ್ನುವ ತಂತ್ರಾಂಶ ಬೇಕಿತ್ತು. ಮೊದಮೊದಲು ಅದನ್ನು ಹಣಕ್ಕೆ ಮಾರುತ್ತಿದ್ದರು, ಆಮೇಲೆ ಉಚಿತ ಮಾಡಿದರು. 2008ರಲ್ಲಿ ಪಿಡಿಎಫ್ ಅಂತಾರಾಷ್ಟ್ರೀಯ ಮುಕ್ತ ಮಾನದಂಡವಾಯಿತು. ಅಂದರೆ ಯಾರು ಬೇಕಾದರೂ ಪಿಡಿಎಫ್ ಓದುವ ಸಾಧನ ಮಾಡಬಹುದು. 2010ರಲ್ಲಿ ಗೂಗಲ್ ಕ್ರೋಮ್, 2013ರಲ್ಲಿ ಫೈರ್‌ಫಾಕ್ಸ್ ಬ್ರೌಸರುಗಳು ಪಿಡಿಎಫ್ ತೋರಿಸುವ ಭಾಗವನ್ನು ತಮ್ಮೊಳಗೇ ಸೇರಿಸಿಕೊಂಡವು. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಎಡ್ಜ್ ಬ್ರೌಸರ್ ಕೂಡ ಹಾಗೆಯೇ. "ಪಿಡಿಎಫ್‌ಗೆ ಬೇರೆ ತಂತ್ರಾಂಶ ಬೇಕೇ ಬೇಕು" ಅನ್ನುವ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಕಾಲ ಹೋಯಿತು, ಮಾತು ಉಳಿಯಿತು.

ಬ್ರೌಸರ್ ಅಂದರೆ ನಾವು ಅಂತರ್ಜಾಲ ನೋಡಲು ತೆರೆಯುವ ಕಿಟಕಿ. ಗ್ಯಾಸ್ ಬುಕ್ ಮಾಡಲು, ಫಲಿತಾಂಶ ನೋಡಲು ನೀವು ಒತ್ತುವ ಬಣ್ಣದ ಗುಂಡು ಚಿತ್ರ ಇದೆಯಲ್ಲ, ಅದೇ.

ಕಂಪ್ಯೂಟರಿನಲ್ಲಿ ತೆರೆಯುವುದು

ಮಹಾಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಪಿಡಿಎಫ್ ಇದೆ ಅಂದುಕೊಳ್ಳಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ. 'ಓಪನ್ ವಿತ್' ಅಂತ ಬರುತ್ತದೆ. ಅಲ್ಲಿ ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್ ಆರಿಸಿ. ಇನ್ನೂ ಸುಲಭದ ದಾರಿ: ಬ್ರೌಸರ್ ತೆರೆದಿಟ್ಟು, ಫೈಲನ್ನು ಮೌಸಿನಿಂದ ಎಳೆದು ಆ ಕಿಟಕಿಯೊಳಗೆ ಬಿಡಿ. ಪತ್ರ ಕಾಣಿಸುತ್ತದೆ. ಪ್ರತಿ ಸಲ ಆರಿಸುವುದು ಬೇಡ ಅನ್ನಿಸಿದರೆ ಅದೇ 'ಓಪನ್ ವಿತ್' ಒಳಗೆ ಬೇರೆ ಆ್ಯಪ್ ಆರಿಸುವ ಜಾಗಕ್ಕೆ ಹೋಗಿ, ಬ್ರೌಸರ್ ಆರಿಸಿ, 'ಆಲ್‌ವೇಸ್' ಅಂತ ಇರುವುದನ್ನು ಒಪ್ಪಿಬಿಡಿ.

ಇಲ್ಲಿ ಇಬ್ಬರು ಮೂವರು ಪುಸ್ತಕ ಬರಹಗಾರ್ತಿಯರು ನಮ್ಮನ್ನು ಕೇಳಿದ್ದುಂಟು: "ಬ್ರೌಸರಲ್ಲಿ ತೆರೆದರೆ ನೆಟ್ ಖರ್ಚಾಗಲ್ವಾ? ನಮ್ಮ ಕಾಗದ ಇಂಟರ್ನೆಟ್ಟಿಗೆ ಹೋಗಿಬಿಡಲ್ವಾ?" ಒಳ್ಳೆಯ ಪ್ರಶ್ನೆ. ಉತ್ತರ, ಎರಡೂ ಇಲ್ಲ. ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇದ್ದರೆ ನೆಟ್ ಸಂಪರ್ಕ ತೆಗೆದುಹಾಕಿದರೂ ತೆರೆಯುತ್ತದೆ. ಬೇಕಾದರೆ ವೈಫೈ ನಿಲ್ಲಿಸಿ ಪರೀಕ್ಷೆ ಮಾಡಿ. ಬರೀ ತೆರೆದು ಓದಿದ್ದಕ್ಕೆ ಫೈಲು ಎಲ್ಲಿಗೂ ಹೋಗುವುದಿಲ್ಲ. ಆದರೆ "ನಿಮ್ಮ ಪಿಡಿಎಫ್ ಇಲ್ಲಿ ಹಾಕಿ, ಸಣ್ಣದು ಮಾಡಿಕೊಡುತ್ತೇವೆ, ವರ್ಡ್‌ಗೆ ಬದಲಿಸಿಕೊಡುತ್ತೇವೆ" ಅನ್ನುವ ಅಂತರ್ಜಾಲ ತಾಣಗಳಿವೆ. ಅಲ್ಲಿ ಹಾಕಿದರೆ ಫೈಲು ಸಾಮಾನ್ಯವಾಗಿ ಬೇರೆ ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಸದಸ್ಯೆಯರ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಅಂಥ ಕಡೆ ಹಾಕಲೇಬೇಡಿ.

ಬ್ರೌಸರಿನ ಇನ್ನೊಂದು ಲಾಭ ಭದ್ರತೆ. 2009ರ ಸುಮಾರಿಗೆ ಹಳೆಯ ರೀಡರ್ ತಂತ್ರಾಂಶದ ಲೋಪಗಳನ್ನೇ ಹಿಡಿದು, ಕೆಟ್ಟ ಪಿಡಿಎಫ್ ಕಳಿಸಿ ಕಂಪ್ಯೂಟರಿಗೆ ನುಗ್ಗುವುದು ಬಹಳ ನಡೆಯಿತು. ರೀಡರನ್ನು ಒಮ್ಮೆ ಹಾಕಿಸಿದವರು ಎಷ್ಟೋ ವರ್ಷ ಅದರ ಕಡೆ ತಿರುಗಿ ನೋಡುವುದಿಲ್ಲ. ಬ್ರೌಸರ್ ಹಾಗಲ್ಲ, ದಿನಾ ಬಳಸುವುದರಿಂದ ಅದು ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿರುತ್ತದೆ. ಆದರೆ ಕಚೇರಿಯಲ್ಲಿ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್ ಇದ್ದರೆ ಎಚ್ಚರ. 2023ರಿಂದ ಅದಕ್ಕೆ ಹೊಸ ಕ್ರೋಮ್ ಬರುವುದು ನಿಂತಿದೆ. ಅದರಲ್ಲಿ ಗೊತ್ತಿಲ್ಲದವರು ಕಳಿಸಿದ ಫೈಲು ತೆರೆಯಬೇಡಿ.

ಸಾಲದ ಪತ್ರ ತೆರೆದು ನೋಡೋಣ

ತೆರೆಯಲು ಕಲಿತರೆ ಅರ್ಧ ಕೆಲಸ. ಒಳಗೆ ಏನಿದೆ ಅಂತ ಹುಡುಕುವುದು ಇನ್ನರ್ಧ. ಇದಕ್ಕೆ ಸಾಲದ ಪತ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ವೈಯಕ್ತಿಕ ಸಾಲಗಳಿಗೆ ಮತ್ತು ಸಣ್ಣ ಉದ್ಯಮದ ಅವಧಿ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅಂದರೆ ಸಾಲದ ಮುಖ್ಯ ವಿವರಗಳ ಪತ್ರ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನಮಗೆ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ದಾಕ್ಷಿಣ್ಯದ ವಿಷಯ ಅಲ್ಲ, ಹಕ್ಕು. ಸಾಲದ ಅವಧಿ 7 ದಿನ ಅಥವಾ ಹೆಚ್ಚು ಇದ್ದರೆ, ಆ ಷರತ್ತುಗಳನ್ನು ಒಪ್ಪಲು ಕನಿಷ್ಠ 3 ಕೆಲಸದ ದಿನಗಳ ಸಮಯ ಕೊಡಬೇಕು. "ಈಗಲೇ ಸಹಿ ಹಾಕಿ, ಇಲ್ಲಾಂದ್ರೆ ಸಾಲ ಹೋಯ್ತು" ಅನ್ನುವವರಿಗೆ ಈ ಮಾತು ಹೇಳಿ. ಆ ಮೂರು ದಿನ ಇರುವುದೇ ಪತ್ರ ತೆರೆದು ಓದಲಿಕ್ಕೆ. ಪಿಡಿಎಫ್ ತೆರೆಯಲು ಬಾರದೆ ಮೂರು ದಿನವೂ ಕಳೆದುಹೋದರೆ ಆ ನಿಯಮ ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ.

ಪತ್ರವನ್ನು ಬ್ರೌಸರಿನಲ್ಲಿ ತೆರೆಯಿರಿ. ಅಕ್ಷರ ಸಣ್ಣದಿದ್ದರೆ ಕೀಬೋರ್ಡಿನ ಎಡಮೂಲೆಯ 'ಕಂಟ್ರೋಲ್' ಕೀಲಿ ಒತ್ತಿಹಿಡಿದು ಅಧಿಕ ಚಿಹ್ನೆ ಒತ್ತಿ, ದೊಡ್ಡದಾಗುತ್ತದೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ಓದಬಹುದು. ಈಗ 'ಕಂಟ್ರೋಲ್' ಹಿಡಿದು ಇಂಗ್ಲಿಷಿನ 'ಎಫ್' ಒತ್ತಿ. ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಅದರಲ್ಲಿ ಎ, ಪಿ, ಆರ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ. ಇಪ್ಪತ್ತು ಪುಟದ ಕಾಗದದಲ್ಲಿ ಆ ಪದ ಎಲ್ಲೆಲ್ಲಿದೆಯೋ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ.

ಎಪಿಆರ್ ಅಂದರೆ ಬಡ್ಡಿಯ ಜೊತೆ ಎಲ್ಲಾ ಖರ್ಚು ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ. ಬಾಯಲ್ಲಿ ಹೇಳುವ ಬಡ್ಡಿಗೂ ಇದಕ್ಕೂ ವ್ಯತ್ಯಾಸ ಇರುತ್ತದೆ. ಉದಾಹರಣೆಗೆ 50,000 ರೂಪಾಯಿ ಸಾಲ. ಪ್ರೊಸೆಸಿಂಗ್ ಶುಲ್ಕ ಅಂತ 1,000, ವಿಮೆ ಅಂತ 1,500 ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು 47,500. ಬಡ್ಡಿ ಕಟ್ಟುವುದು ಮಾತ್ರ 50,000ಕ್ಕೆ. ಆ ಮರೆಯಲ್ಲಿರುವ 2,500 ರೂಪಾಯಿಯೂ ಎಪಿಆರ್‌ನಲ್ಲಿ ಸೇರಿರಬೇಕು. ಎರಡು ಕಡೆಯ ಸಾಲ ಹೋಲಿಸುವಾಗ ಈ ಅಂಕಿಯನ್ನೇ ಹೋಲಿಸಿ. ಜೊತೆಗೆ ಕಂತಿನ ಪಟ್ಟಿಯೂ ಇರಬೇಕು. ಆ ಪತ್ರದಲ್ಲಿ ಬರೆಯದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಮಧ್ಯದಲ್ಲಿ ವಸೂಲು ಮಾಡುವಂತಿಲ್ಲ. ಆದ್ದರಿಂದ ಪತ್ರವನ್ನು ಓದಿ ಮುಗಿಸಿ ಅಳಿಸಿಬಿಡಬೇಡಿ, ಸಾಲ ತೀರುವ ತನಕ ಇಟ್ಟುಕೊಳ್ಳಿ.

ಹುಡುಕಿದರೆ ಏನೂ ಸಿಗುತ್ತಿಲ್ಲ ಅಂದರೆ ನಿಮ್ಮ ಕೈತಪ್ಪು ಅಂತ ಅಂದುಕೊಳ್ಳಬೇಡಿ. ಕೆಲವು ಪಿಡಿಎಫ್ ಬರೀ ಕಾಗದದ ಫೋಟೋ, ಸ್ಕ್ಯಾನ್ ಮಾಡಿದ್ದು. ಅದರಲ್ಲಿ ಅಕ್ಷರ ಇರುವುದಿಲ್ಲ, ಅಕ್ಷರದ ಚಿತ್ರ ಇರುತ್ತದೆ. ಇನ್ನು ಕೆಲವು ಕನ್ನಡ ಪತ್ರಗಳು ಹಳೆಯ ನುಡಿ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಆಗಿರುತ್ತವೆ. ಕಣ್ಣಿಗೆ ಚೆನ್ನಾದ ಕನ್ನಡ, ಆದರೆ ಕಂಪ್ಯೂಟರಿನ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಸರ್ಕಾರಿ ಆದೇಶಗಳಲ್ಲಿ ಇದು ಬಹಳ. ಅಂಥದ್ದನ್ನು ಕಣ್ಣಿನಿಂದಲೇ ಓದಬೇಕು. ಬೇರೆ ರೀಡರ್ ಹಾಕಿದರೂ ಹುಡುಕಲು ಸಿಗುವುದಿಲ್ಲ.

ಓದಲು ಬಾರದ ನಮ್ಮ ಹಿರಿಯ ಸದಸ್ಯೆಯರಿಗಾಗಿ ಒಂದು ಮಾತು. ಎಡ್ಜ್ ಬ್ರೌಸರಿನಲ್ಲಿ ಪಿಡಿಎಫ್ ತೆರೆದಾಗ ಮೇಲ್ಗಡೆ 'ರೀಡ್ ಅಲೌಡ್' ಅಂತ ಇರುತ್ತದೆ, ಅಂದರೆ ಗಟ್ಟಿಯಾಗಿ ಓದು ಅಂತ. ನೆಟ್ ಸಂಪರ್ಕ ಇದ್ದರೆ ಕನ್ನಡದ ದನಿಯೂ ಸಿಗುತ್ತದೆ. ಪತ್ರ ಯುನಿಕೋಡ್ ಕನ್ನಡದಲ್ಲಿ ಇದ್ದರೆ ಮಾತ್ರ ಇದು ಓದೀತು, ಆಗಲೂ ಒತ್ತಕ್ಷರಗಳಲ್ಲಿ ಎಡವುತ್ತದೆ. ಸಭೆಯಲ್ಲಿ ಒಬ್ಬರು ಓದಿ ಹೇಳುವುದಕ್ಕೆ ಇದು ಬದಲಿಯಲ್ಲ.

ಅರ್ಜಿ ತುಂಬುವುದು, ಮುದ್ರಿಸುವುದು

ಖಾಲಿ ಜಾಗ ಇರುವ ಅರ್ಜಿ ಪಿಡಿಎಫ್‌ಗಳನ್ನು ಬ್ರೌಸರಿನಲ್ಲೇ ತುಂಬಬಹುದು. ತುಂಬಿದ ಮೇಲೆ ಕೆಳಮುಖ ಬಾಣದ ಗುರುತು ಒತ್ತಿ ಮತ್ತೆ ಉಳಿಸಿಕೊಳ್ಳಬೇಕು. ಹಾಗೆ ಮಾಡದೆ ಕಿಟಕಿ ಮುಚ್ಚಿದರೆ ತುಂಬಿದ್ದೆಲ್ಲ ಹೋಗುತ್ತದೆ. ತುಂಬುವ ಜಾಗವೇ ಇಲ್ಲದ ಅರ್ಜಿಯ ಮೇಲೂ ಅಕ್ಷರ ಬರೆಯುವ ಸೌಲಭ್ಯ ಫೈರ್‌ಫಾಕ್ಸ್‌ನಲ್ಲಿ 2022ರಿಂದ ಇದೆ.

ಇದರ ತಿರುಗುಮುರುಗು ಕೆಲಸವೂ ಬಹಳ ಉಪಯೋಗಕ್ಕೆ ಬರುತ್ತದೆ. ಅಂತರ್ಜಾಲದಲ್ಲಿ ಶುಲ್ಕ ಕಟ್ಟಿದಿರಿ, ರಸೀದಿ ಪರದೆಯ ಮೇಲೆ ಬಂತು, ಪ್ರಿಂಟರ್ ಇಲ್ಲ. 'ಕಂಟ್ರೋಲ್' ಹಿಡಿದು 'ಪಿ' ಒತ್ತಿ. ಪ್ರಿಂಟರಿನ ಹೆಸರು ಇರುವ ಜಾಗದಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಆರಿಸಿ. ರಸೀದಿ ಪಿಡಿಎಫ್ ಆಗಿ ಉಳಿಯುತ್ತದೆ. ಖಜಾಂಚಿಯವರು ಇದನ್ನು ಕಲಿತರೆ ಲೆಕ್ಕ ಪರಿಶೋಧನೆಯ ಸಮಯದಲ್ಲಿ ಅರ್ಧ ತಲೆನೋವು ಕಡಿಮೆ.

ಫೋನಿನಲ್ಲಿ

ಬಹಳ ಜನರ ಹತ್ತಿರ ಇರುವುದು ಆಂಡ್ರಾಯ್ಡ್ ಫೋನು. ಹೊಸ ಆಂಡ್ರಾಯ್ಡ್ ಇರುವ ಫೋನುಗಳಲ್ಲಿ ಕ್ರೋಮ್ ತಾನೇ ಪಿಡಿಎಫ್ ತೋರಿಸುತ್ತದೆ. ಹಳೆಯ ಫೋನಿನಲ್ಲಿ ಕ್ರೋಮ್ ಫೈಲನ್ನು ಇಳಿಸಿಕೊಂಡು, "ಯಾವುದರಲ್ಲಿ ತೆರೆಯಲಿ?" ಅಂತ ಕೇಳುತ್ತದೆ. ಆಗ ಪಟ್ಟಿಯಲ್ಲಿ ನೋಡಿ, ಗೂಗಲ್ 'ಡ್ರೈವ್ ಪಿಡಿಎಫ್ ವ್ಯೂವರ್' ಇದ್ದರೆ ಅದನ್ನು ಒತ್ತಿ. ಇದು ಬಹುತೇಕ ಫೋನುಗಳಲ್ಲಿ ಅಂಗಡಿಯಿಂದ ಬರುವಾಗಲೇ ಇರುತ್ತದೆ. ಬ್ರೌಸರೇ ಬೇಕು ಅನ್ನುವವರಿಗೆ ಫೈರ್‌ಫಾಕ್ಸ್ ಇದೆ, ಅದರ ಫೋನ್ ಆವೃತ್ತಿ 2023ರಿಂದ ಪಿಡಿಎಫ್ ತಾನೇ ತೋರಿಸುತ್ತದೆ.

ಆಧಾರ್ ಪಿಡಿಎಫ್ ತೆರೆಯುವಾಗ ಗುಪ್ತಪದ ಕೇಳಿದರೆ ಗಾಬರಿ ಬೇಡ. ಹೆಸರಿನ ಮೊದಲ 4 ಅಕ್ಷರ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇರುವ ಹಾಗೆ, ದೊಡ್ಡ ಅಕ್ಷರದಲ್ಲಿ. ಅದಕ್ಕೆ ಅಂಟಿಕೊಂಡು ಹುಟ್ಟಿದ ವರ್ಷದ 4 ಅಂಕಿ. ಹೆಸರು ಸವಿತಾ, ಹುಟ್ಟಿದ್ದು 1978 ಅಂದರೆ ಎಸ್, ಎ, ವಿ, ಐ, ಆಮೇಲೆ 1978. ಬ್ರೌಸರಿನಲ್ಲೂ ಇದನ್ನೇ ಹಾಕಿದರೆ ತೆರೆಯುತ್ತದೆ. ಬ್ಯಾಂಕುಗಳು ಬೇರೆ ಬೇರೆ ರೀತಿ ಇಟ್ಟಿರುತ್ತವೆ, ಕಳಿಸಿದ ಇಮೇಲಿನಲ್ಲೇ ಬರೆದಿರುತ್ತಾರೆ.

ಪಿಡಿಎಫ್ ವೇಷದಲ್ಲಿ ಬರುವ ಕಳ್ಳರು

ಇದು ಈ ಪಾಠದ ಮುಖ್ಯ ಭಾಗ, ದಯವಿಟ್ಟು ಸಭೆಯಲ್ಲಿ ಎರಡು ಸಲ ಓದಿಸಿ. "ಪಿಡಿಎಫ್ ರೀಡರ್ ಹಾಕಿಕೊಳ್ಳಿ" ಅನ್ನುವುದು ಮೋಸಗಾರರಿಗೆ ಬಹಳ ಇಷ್ಟದ ಮಾತು. 2024ರಲ್ಲಿ ಗೂಗಲ್ ಪ್ಲೇಸ್ಟೋರಿನೊಳಗೇ ಪಿಡಿಎಫ್ ರೀಡರ್ ಹೆಸರಿನ ಒಂದು ಆ್ಯಪ್ ಸಿಕ್ಕಿಬಿತ್ತು. ಮೊದಲು ಸಾಧುವಿನಂತೆ ಇದ್ದು, ಆಮೇಲೆ 'ಅಪ್‌ಡೇಟ್' ನೆಪದಲ್ಲಿ 'ಅನಾಟ್ಸಾ' ಅನ್ನುವ ಕುತಂತ್ರಾಂಶವನ್ನು ಫೋನಿಗೆ ಇಳಿಸುತ್ತಿತ್ತು. ಅದರ ಕೆಲಸ ಬ್ಯಾಂಕ್ ಆ್ಯಪ್‌ನ ಗುಪ್ತಪದ ಕದಿಯುವುದು. ಆ ಆ್ಯಪನ್ನು ಗೂಗಲ್ ತೆಗೆದುಹಾಕಿತು, ಆದರೆ ಅದೇ ಜಾತಿಯವು ಬೇರೆ ಹೆಸರಿನಲ್ಲಿ ಮತ್ತೆ ಬಂದಿವೆ. ಬೇಕಿಲ್ಲದ ಆ್ಯಪ್ ಹಾಕದಿದ್ದರೆ ಈ ತೊಂದರೆಯ ಬಾಗಿಲೇ ಮುಚ್ಚಿತು.

ಎರಡನೆಯ ಮೋಸ ವಾಟ್ಸಾಪಿನದು. ಮದುವೆ ಕರೆಯೋಲೆ, ವಾಹನದ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ ಅಂತ ಫೈಲು ಬರುತ್ತದೆ. ಹೆಸರಿನ ಕೊನೆ ನೋಡಿ. ಚುಕ್ಕೆಯ ನಂತರ ಪಿ, ಡಿ, ಎಫ್ ಇದ್ದರೆ ಅದು ಓದುವ ಕಾಗದ. ಎ, ಪಿ, ಕೆ ಇದ್ದರೆ ಅದು ಕಾಗದ ಅಲ್ಲವೇ ಅಲ್ಲ, ಫೋನಿನೊಳಗೆ ಕೂರುವ ತಂತ್ರಾಂಶ. ಮಧ್ಯದಲ್ಲಿ ಪಿಡಿಎಫ್ ಅಂತ ಬರೆದು ಕೊನೆಗೆ ಎಪಿಕೆ ಇಟ್ಟಿರುವುದೂ ಉಂಟು, ಕೊನೆಯದೇ ಲೆಕ್ಕ. ನಿಜವಾದ ಪಿಡಿಎಫ್ ತೆರೆಯುವಾಗ ಫೋನು ಎಂದೂ "ಇನ್‌ಸ್ಟಾಲ್ ಮಾಡಲೇ?" ಅಂತ ಕೇಳುವುದಿಲ್ಲ. ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಕಳಿಸಿದವರು ಸ್ವಂತ ತಂಗಿಯೇ ಆಗಿದ್ದರೂ. ಅವರ ಫೋನು ಆಗಲೇ ಕಳ್ಳರ ಕೈಯಲ್ಲಿರಬಹುದು. ಹಣ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ. ಇಲ್ಲಿ ಗಂಟೆಗಳಲ್ಲ, ನಿಮಿಷಗಳು ಮುಖ್ಯ.

ಬ್ರೌಸರ್ ಸಾಕಾಗದ ಕಡೆ

ಎರಡು ಕಡೆ ಬೇರೆ ರೀಡರ್ ಬೇಕಾಗಬಹುದು. ಆಧಾರ್‌ನಂತಹ ಪತ್ರದಲ್ಲಿ ಡಿಜಿಟಲ್ ಸಹಿ ಇರುತ್ತದೆ. ಕ್ರೋಮ್‌ನಂತಹ ಬ್ರೌಸರು ಆ ಸಹಿಯ ಗುರುತನ್ನು ತೋರಿಸುತ್ತದೆಯೇ ಹೊರತು ಅಸಲಿಯೋ ನಕಲಿಯೋ ಅಂತ ಪರೀಕ್ಷಿಸುವುದಿಲ್ಲ. ಹಳದಿ ಪ್ರಶ್ನೆ ಚಿಹ್ನೆ ಕಂಡರೆ ಪತ್ರ ಸುಳ್ಳು ಅಂತ ಅರ್ಥವಲ್ಲ, ಇನ್ನೂ ಪರೀಕ್ಷೆ ಆಗಿಲ್ಲ ಅಂತ ಅಷ್ಟೇ. ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಅಡೋಬಿ ರೀಡರ್ ಬೇಕು. ಇನ್ನೊಂದು, ಕೆಲವು ಹಳೆಯ ಮಾದರಿಯ ಅರ್ಜಿಗಳು. ಕ್ರೋಮ್‌ನಲ್ಲಿ ತೆರೆದರೆ ಅರ್ಜಿಯ ಬದಲು 'ಪ್ಲೀಸ್ ವೇಟ್' ಅಂತ ಇಂಗ್ಲಿಷ್ ಸಾಲು ಮಾತ್ರ ಕಾಣುತ್ತದೆ, ಎಷ್ಟು ಕಾದರೂ ಮುಂದೆ ಹೋಗುವುದಿಲ್ಲ. ಅದನ್ನು ಫೈರ್‌ಫಾಕ್ಸ್‌ನಲ್ಲಿ ಒಮ್ಮೆ ಪ್ರಯತ್ನಿಸಿ, ಆಗದಿದ್ದರೆ ಅಡೋಬಿ ರೀಡರ್. ಅದು ಉಚಿತ. ಅಡೋಬಿಯವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ.

ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಪಿಡಿಎಫ್ ತೆರೆದು ಮುದ್ರಿಸಿದರೆ, ಹೊರಡುವ ಮುಂಚೆ 'ಡೌನ್‌ಲೋಡ್ಸ್' ಫೋಲ್ಡರಿನಿಂದ ಅದನ್ನು ಅಳಿಸಿಸಿ, ಕಸದ ಬುಟ್ಟಿಯಿಂದಲೂ ತೆಗೆಸಿ. ಗುಪ್ತ ಕಿಟಕಿಯಲ್ಲಿ ತೆರೆದೆವು ಅಂತ ನಿಶ್ಚಿಂತೆಯಾಗಬೇಡಿ. ಕಿಟಕಿ ಮುಚ್ಚಿದರೂ ಇಳಿಸಿದ ಫೈಲು ಅಲ್ಲೇ ಇರುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಅವರ ನಂತರ ಆ ಕುರ್ಚಿಯಲ್ಲಿ ಕೂರುವವರು ಯಾರೋ.

ಮುಂದಿನ ಸಭೆಗೆ

ಪ್ರತಿ ಸಂಘದಿಂದ ಇಬ್ಬರು ಸದಸ್ಯೆಯರು, ಒಬ್ಬರು ಕಲಿತವರು, ಒಬ್ಬರು ಫೋನ್ ಮುಟ್ಟಲು ಹೆದರುವವರು, ಜೊತೆಯಾಗಿ ಈ ಅಭ್ಯಾಸ ಮಾಡಿ. ನಿಮ್ಮ ಫೋನಿಗೆ ಬಂದಿರುವ ಯಾವುದಾದರೂ ಒಂದು ಪಿಡಿಎಫ್ ಆರಿಸಿ. ಹೆಸರಿನ ಕೊನೆಯ ಮೂರು ಅಕ್ಷರ ಗಟ್ಟಿಯಾಗಿ ಓದಿ. ಹೊಸ ಆ್ಯಪ್ ಹಾಕದೆ ತೆರೆಯಿರಿ. ಅದರಲ್ಲಿರುವ ಒಂದು ಅಂಕಿಯನ್ನು, ಸಾಲದ ಕಂತು ಅಥವಾ ಪಹಣಿಯ ವಿಸ್ತೀರ್ಣ ಯಾವುದಾದರೂ ಸರಿ, ಹುಡುಕಿ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿರಿ. ಹೆದರುವವರ ಕೈಯಲ್ಲೇ ಫೋನ್ ಇರಲಿ, ಕಲಿತವರು ಬಾಯಲ್ಲಿ ಮಾತ್ರ ಹೇಳಿಕೊಡಲಿ. ತೆರೆಯದೆ ಉಳಿದ ಪಿಡಿಎಫ್‌ಗಳಿದ್ದರೆ ಅಳಿಸದೆ ಹಾಗೇ ಇಟ್ಟಿರಿ. ನಮ್ಮ ಕ್ಷೇತ್ರ ಕಾರ್ಯಕರ್ತೆಯರು ಭೇಟಿಗೆ ಬಂದಾಗ ಯಾಕೆ ತೆರೆಯಲಿಲ್ಲ ಅಂತ ಒಟ್ಟಿಗೆ ಕೂತು ನೋಡುತ್ತಾರೆ.